ಟ್ಯಾಂಕಿನ ಮೇಲೆ ಮೀನುಗಣ್ಣು

"ಉಸಿರಾದ್ರೂ ಬಿಡ್ಲಾ ಅಮ್ಮಾ?"

"ಬಿಡು. ಆದ್ರೆ ಆ ಕಡೆ ತಿರುಗಿ ಬಿಡು."

ಗುಂಡುಸೂಜಿ ಅಂತ ಮನೆಯವರು ಕರೆಯುವ ಹುಡುಗಿ ಗೋಡೆಯ ಕಡೆ ತಿರುಗಿ ಉಸಿರು ಬಿಟ್ಟು, ಮತ್ತೆ ಈ ಕಡೆ ತಿರುಗಿದಳು. ಶೆಡ್ಡಿನ ನಡುವೆ, ಛಾವಣಿಯ ಕೊಕ್ಕೆಯಿಂದ ಇಳಿಬಿಟ್ಟ ತಂತಿಯಲ್ಲಿ ಬೈಕಿನ ಪೆಟ್ರೋಲ್ ಟ್ಯಾಂಕು ನೇತಾಡುತ್ತಿತ್ತು. ಧೂಳು ಏಳದಿರಲಿ ಅಂತ ನೆಲಕ್ಕೆಲ್ಲ ನೀರು ಚಿಮುಕಿಸಿದ್ದರು. ಫ್ಯಾನು ಆಫ್. ಕಿಟಕಿಗೆ ಒದ್ದೆ ಬಟ್ಟೆ. ಅವತ್ತು ಆ ಶೆಡ್ಡಿನೊಳಗೆ ಬರಲು ಒಂದು ನೊಣಕ್ಕೂ ಪರ್ಮಿಷನ್ ಇರಲಿಲ್ಲ.

ಬಾಗಿಲ ಬಳಿ ಸ್ಟೂಲಿನ ಮೇಲೆ ಅಜ್ಜ ಕೂತಿದ್ದರು. ಮೂಗಿಗೆ ಮಾಸ್ಕು, ಮಡಿಲಲ್ಲಿ ಬಣ್ಣದ ಡಬ್ಬಿ. "ಹತ್ತಿರ ಹೋಗ್ಬೇಡ. ಒಂದು ಗೇಣು ದೂರ ಇರ್ಲಿ. ಕೈ ನಿಲ್ಲಿಸ್ಬೇಡ, ನಡೀತಾನೇ ಇರ್ಬೇಕು," ಎಂದು ಅಮ್ಮನಿಗೆ ಹೇಳುತ್ತಲೇ ಇದ್ದರು.

"ಗೊತ್ತಪ್ಪ, ಗೊತ್ತು," ಎಂದು ಅಮ್ಮ ಸ್ಪ್ರೇ ಗನ್ನಿನ ಟ್ರಿಗರ್ ಒತ್ತಿದಳು.

ಸ್ಸ್ಸ್...

ಬೂದು ಬಣ್ಣದ ಟ್ಯಾಂಕಿನ ಮೇಲೆ ನೀಲಿ ಹರಡಿತು. ಅದು ಅಂಗಡಿಯಲ್ಲಿ ಸಿಗುವ ನೀಲಿಯಲ್ಲ. ನೀಲಿಗೆ ಕಪ್ಪು ಸೇರಿಸಿ, ಸಾಲದು ಅಂತ ಒಂದಿಷ್ಟು ಹಸಿರು ತೊಟ್ಟಿಕ್ಕಿಸಿ, ಕಡ್ಡಿಯಲ್ಲಿ ಅದ್ದಿ ಅದ್ದಿ ಬಿಸಿಲಿಗೆ ಹಿಡಿದು ನೋಡಿ ಅಜ್ಜ ತಾವೇ ಕಲಸಿದ ಬಣ್ಣ. ಮೋಡ ಕಟ್ಟಿದ ಸಂಜೆಯ ಹಾಗಿತ್ತು. ಅಜ್ಜ ನೌಕರಿಯಲ್ಲಿ ಇದ್ದಷ್ಟು ಕಾಲವೂ ಸ್ಕೂಲ್ ಬಸ್ ಓಡಿಸಿದವರು. ರಜೆ ಬಂತೆಂದರೆ ಈ ಶೆಡ್ಡೇ ಅವರ ಲೋಕ. ಗುಜರಿಯಲ್ಲಿ ಬಿದ್ದ ಬೈಕನ್ನು ತಂದು, ಬಿಚ್ಚಿ, ಬೆಳಗಿ, ತಮಗೆ ಬೇಕಾದ ಹಾಗೆ ಕಟ್ಟುವುದು. ಈ ಬೈಕಿನ ಸೀಟನ್ನು ಗಿಡ್ಡ ಮಾಡಿ, ಹ್ಯಾಂಡಲ್ ಇಳಿಸಿ, ಹಳೇ ಸ್ಕೂಟರಿನ ಹೆಡ್‌ಲೈಟು ಕೂರಿಸಿದ್ದೂ ಅವರೇ. ಈಚೆಗೆ ಕೈ ನಡುಗುತ್ತದೆ, ಅದಕ್ಕೆ ಗನ್ನು ಮಾತ್ರ ಮಗಳ ಕೈಗೆ ಬಂದಿತ್ತು.

ಟ್ಯಾಂಕಿನ ಎಡಮಗ್ಗುಲು ಮುಗಿಯಿತು. ಕನ್ನಡಿಯ ಹಾಗೆ ಬಂತು.

"ಶಭಾಷ್!" ಅಂದರು ಅಜ್ಜ.

ಅಮ್ಮ ಬಲಮಗ್ಗುಲಿಗೆ ಬಂದಳು. ಸ್ಸ್ಸ್... ಮತ್ತೆ ಸ್ಸ್ಸ್... ಗನ್ನು ಇದ್ದಕ್ಕಿದ್ದಂತೆ ನಿಂತಿತು.

"ಅಪ್ಪಾ. ಇಲ್ಲಿ ನೋಡಿ."

ಒದ್ದೆ ಬಣ್ಣದಲ್ಲಿ ಒಂದು ಸಣ್ಣ ಕುಳಿ ಬಿದ್ದಿತ್ತು. ನೋಡುತ್ತಿದ್ದಂತೆಯೇ ಅದರ ಪಕ್ಕ ಇನ್ನೊಂದು. ಬಣ್ಣ ಯಾರಿಗೋ ಹೆದರಿದ ಹಾಗೆ ಸುತ್ತಲೂ ಸರಿದು ನಿಲ್ಲುತ್ತಿತ್ತು. ನಡುವೆ ಬೂದು ಚುಕ್ಕೆ, ಸುತ್ತ ದುಂಡನೆಯ ಅಂಚು. ಆಮೇಲೆ ಪಟಪಟ ಅಂತ ಕುಳಿಗಳು ತೆರೆದುಕೊಂಡವು, ಒಂದರ ಬೆನ್ನಿಗೊಂದು.

"ಮೀನುಗಣ್ಣು," ಎಂದರು ಅಜ್ಜ. ಅವರ ಧ್ವನಿ ಇಳಿದಿತ್ತು. "ಕೆಳಗೆ ಏನೋ ಜಿಡ್ಡಿದೆ. ಬಣ್ಣ ಹಿಡೀತಿಲ್ಲ."

"ಜಿಡ್ಡು ಎಲ್ಲಿಂದ ಬರ್ಬೇಕು? ಈಗ ತಾನೇ ಥಿನ್ನರ್ ಹಾಕಿ ಒರೆಸಿದೀನಿ! ಇರಿ, ಇನ್ನೊಂದು ಕೋಟ್ ತೆಳ್ಳಗೆ ಹೊಡೆದು ನೋಡ್ತೀನಿ."

ಹೊಡೆದಳು. ಕುಳಿಗಳು ಮುಚ್ಚಲಿಲ್ಲ. ಇನ್ನಷ್ಟು ಅಗಲವಾದವು. ಅಮ್ಮ ಕಂಪ್ರೆಸರ್ ಆಫ್ ಮಾಡಿದಳು. ಅಷ್ಟು ಹೊತ್ತಿನ ಸದ್ದು ನಿಂತು ಶೆಡ್ಡು ಕಿವುಡಾದಂತಾಯಿತು.

"ಬೇರೆಲ್ಲೂ ಇಲ್ಲ," ಅಮ್ಮ ಬಗ್ಗಿ ಬಗ್ಗಿ ನೋಡಿದಳು. "ಮುಚ್ಚಳದ ಕೆಳಗಿಂದ ಹೊರಟು ಹೀಗೆ ಬಾಗಿ ಇಳಿದಿದೆ. ಅಂಗೈ ಅಗಲದ ಪಟ್ಟಿ. ಯಾರೋ ಸವರಿದಾರೆ."

ಗುಂಡುಸೂಜಿ ಒಂದು ಹೆಜ್ಜೆ ಹಿಂದೆ ಸರಿದಳು.

ಸಣ್ಣ ಮೈ, ದುಂಡು ತಲೆ, ಚೂಪು ಮಾತು ಅಂತ ಅಜ್ಜನೇ ಅವಳಿಗೆ ಆ ಹೆಸರು ಇಟ್ಟಿದ್ದರು. ಈಗ ಆ ದುಂಡು ತಲೆ ಅಮ್ಮನ ಬೆನ್ನ ಹಿಂದೆ ಅಡಗಿತು.

ನಿನ್ನೆ ಸಂಜೆ ಅವಳು ಇದೇ ಶೆಡ್ಡಿನ ಹೊಸಿಲ ಮೇಲೆ ಕೂತು ಸ್ಕೂಲ್ ಶೂ ಹೊಳೆಸಿದ್ದಳು. ಬ್ರಶ್ಶು ಬೇಡ, ಪಾಲಿಶ್ ಡಬ್ಬಿ ಬೇಡ. ಒಂದು ಸ್ಪಾಂಜು, ಸುಮ್ಮನೆ ಎಳೆದರೆ ಫಳಫಳ. ಅಜ್ಜ ಚಹಾ ಕುಡಿಯಲು ಒಳಗೆ ಹೋಗಿದ್ದರು. ಬಣ್ಣ ಹಿಡಿಯಲೆಂದು ಬೂದು ಪ್ರೈಮರ್ ಹೊಡೆದ ಟ್ಯಾಂಕು ಎಮ್ಮೆಯ ಬೆನ್ನಿನ ಹಾಗೆ ಮಂಕಾಗಿ ನೇತಾಡುತ್ತಿತ್ತು. ಇದು ಮಿಂಚಿದರೆ ಹೇಗೆ ಕಾಣಬಹುದು ಅಂತ ಅವಳಿಗೆ ಅನ್ನಿಸಿತು. ಅನ್ನಿಸಿದ್ದೇ ತಡ, ಸ್ಪಾಂಜಿನಲ್ಲಿ ಮೇಲಿಂದ ಕೆಳಕ್ಕೆ ಒಂದು ಎಳೆತ! ಎಷ್ಟು ಚೆಂದ ಮಿಂಚಿತ್ತು! ಅಷ್ಟರಲ್ಲಿ ಅಜ್ಜನ ಚಪ್ಪಲಿಯ ಸದ್ದು. ಲಂಗದ ತುದಿಯಲ್ಲಿ ಗಸಗಸ ಒರೆಸಿಬಿಟ್ಟಳು. ಮಿಂಚು ಹೋಯಿತು. ಗೊತ್ತೇ ಆಗಲ್ಲ ಅಂದುಕೊಂಡಿದ್ದಳು.

"ಗುಂಡುಸೂಜೀ, ನೀನೇನಾದ್ರೂ ಕೈಯಲ್ಲಿ ಮುಟ್ಟಿದ್ಯಾ?" ಅಮ್ಮ ಕೇಳಿದಳು.

"ಇಲ್ಲಪ್ಪ! ನಾನು ಕೈಯಲ್ಲಿ ಮುಟ್ಟೇ ಇಲ್ಲ."

ಮಾತು ಬಾಯಿಂದ ಹಾರಿಹೋಗಿತ್ತು. ಸುಳ್ಳೇನಲ್ಲ, ಕೈಯಲ್ಲಿ ಮುಟ್ಟಿರಲಿಲ್ಲ, ಸ್ಪಾಂಜಿನಲ್ಲಿ ತಾನೇ ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡರೂ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

ಅಮ್ಮ ಅಜ್ಜನ ಕಡೆ ತಿರುಗಿದಳು. ತಿರುಗಿದ್ದೇ ಅವಳ ಕಣ್ಣು ಅಜ್ಜನ ತಲೆಯ ಮೇಲೆ ನಿಂತಿತು. ಇದ್ದ ನಾಕು ಕೂದಲು ಎಣ್ಣೆಯಲ್ಲಿ ಅಂಟಿ ಮಿನುಗುತ್ತಿದ್ದವು.

"ಅಪ್ಪಾ, ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಕೊಂಡ ಮೇಲೆ ಈ ಕಡೆ ಬಂದಿದ್ರಾ?"

ಅಜ್ಜ ಯೋಚಿಸಿದರು. "ಇಲ್ಲ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ?"

"ಬಂದ್ನಾ... ಡಬ್ಬಿ ತಗೊಳ್ಳೋಕೆ ಬಂದೆನೋ ಏನೋ."

"ಬಂದೋರು ಟ್ಯಾಂಕ್ ಸವರಿರ್ತೀರಿ. ಹೋಗ್ತಾ ಬರ್ತಾ ಹಸುವಿನ ಮೈ ತಟ್ಟಿದ ಹಾಗೆ ಅದನ್ನ ತಟ್ಟದಿದ್ರೆ ನಿಮಗೆ ಸಮಾಧಾನ ಇಲ್ಲ. ಮುಟ್ಬೇಡಿ, ಮುಟ್ಬೇಡಿ ಅಂತ ನಿನ್ನೆಯಿಂದ ಬಾಯಿ ಬಡ್ಕೊಂಡಿದೀನಿ!"

"ಮುಟ್ಟಿದ್ದು ನೆನಪಿಲ್ಲ ಕಣೇ."

"ಗ್ಯಾಸ್ ಆಫ್ ಮಾಡದೇ ಹೋಗಿದ್ದು ನೆನಪಿತ್ತಾ? ಕನ್ನಡಕ ಸಕ್ಕರೆ ಡಬ್ಬೀಲಿ ಇಟ್ಟಿದ್ದು ನೆನಪಿತ್ತಾ?"

ಅಜ್ಜ ಮಡಿಲಲ್ಲಿದ್ದ ಬಣ್ಣದ ಡಬ್ಬಿಯನ್ನು ನೆಲಕ್ಕೆ ಇಟ್ಟರು. ಅಮ್ಮನಿಗೂ ಮಾತು ಜಾಸ್ತಿಯಾಯಿತು ಅನ್ನಿಸಿರಬೇಕು, ಮಾಸ್ಕ್ ಕಿತ್ತು ಮೇಜಿನ ಮೇಲೆ ಎಸೆದಳು.

ಕಾಂಪೌಂಡಿನ ಆಚೆಯಿಂದ ಟೈಲರ್ ಆಂಟಿಯ ತಲೆ ಏಳಲಿಕ್ಕೂ ಅದೇ ಸಮಯ ಆಗಬೇಕೇ! ಅವರ ಹೊಲಿಗೆ ಮೆಷಿನ್ನು ನಿಂತರೆ ಬಾಯಿ ಶುರುವಾಗುತ್ತದೆ ಅಂತ ಬೀದಿಗೆಲ್ಲ ಗೊತ್ತು.

"ಏನಾಯ್ತು? ಸದ್ದೇ ನಿಂತುಹೋಯ್ತಲ್ಲ?"

"ಏನಿಲ್ಲ ಆಂಟಿ. ಅಪ್ಪ ಎಣ್ಣೆ ಕೈಲಿ ಮುಟ್ಟಿಬಿಟ್ಟಿದಾರೆ. ಪೇಂಟ್ ಹಾಳಾಯ್ತು."

"ಅಯ್ಯೋ, ವಯಸ್ಸಾಯ್ತು ಬಿಡಿ, ಏನ್ ಮಾಡೋಕಾಗುತ್ತೆ. ನಮ್ಮ ಮಾವನೂ ಹೀಗೇ ಶುರು ಮಾಡಿದ್ದು. ಮೊದಲು ಕನ್ನಡಕ ಮರೆತ್ರು. ಆಮೇಲೆ ಮನೆ ದಾರಿ. ಆಮೇಲೆ ನಮ್ಮ ಹೆಸರು."

ಅಜ್ಜ ಅಲ್ಲೇ ಕೂತಿದ್ದಾರೆ, ಅವರಿಗೆ ಕಿವಿ ಇದೆ ಅನ್ನುವುದನ್ನು ಆಂಟಿಯೇ ಮರೆತಿದ್ದರು.

ಅಜ್ಜ ಮೆಲ್ಲಗೆ ಎದ್ದರು. ಅಂಗಿಯ ಜೇಬಿಗೆ ಕೈ ಹಾಕಿ ಶೆಡ್ಡಿನ ಬೀಗದ ಕೈ ತೆಗೆದು ಅಮ್ಮನ ಮುಂದೆ ಹಿಡಿದರು.

"ಇದು ನಿನ್ನ ಹತ್ರಾನೇ ಇರ್ಲಿ."

"ಅಪ್ಪಾ, ನಾನು ಹಾಗಂದೆನಾ?"

"ಅಲ್ಲಮ್ಮ, ಇಟ್ಕೊ. ಥಿನ್ನರು, ಪೆಟ್ರೋಲು ಇರೋ ಜಾಗ. ಇವತ್ತು ಪೇಂಟು ಹೋಯ್ತು, ನಾಳೆ ಇನ್ನೇನಾದ್ರೂ ಆದ್ರೆ?"

ಅಮ್ಮ ಬೇಡ ಅನ್ನಲಿಲ್ಲ. ಕೈ ಚಾಚಿ ತೆಗೆದುಕೊಂಡಳು. ಅಜ್ಜ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಮನೆಯೊಳಗೆ ನಡೆದರು.

ಹೇಳಿಬಿಡಬೇಕು ಅಂತ ಗುಂಡುಸೂಜಿಗೆ ಅನ್ನಿಸಿತು. ಆದರೆ ಅಮ್ಮನ ಮುಖ ನೋಡಿದರೆ ಸಾಕು, ನಾಲಿಗೆ ಒಳಕ್ಕೆ ಓಡುತ್ತಿತ್ತು. ಇವತ್ತು ಬೇಡ, ಅಮ್ಮನ ಸಿಟ್ಟು ಇಳಿಯಲಿ. ಅಜ್ಜನಿಗೇನು, ಮಧ್ಯಾಹ್ನದ ಹೊತ್ತಿಗೆ ಇದನ್ನೂ ಮರೆತುಬಿಡುತ್ತಾರೆ.

ಆದರೆ ಅಜ್ಜ ಮರೆಯಲಿಲ್ಲ.

ಅವಳು ನೀರು ಕುಡಿಯಲು ಒಳಗೆ ಹೋದಾಗ ಅವರು ಹಾಲಿನ ಕುರ್ಚಿಯಲ್ಲಿ ಕೂತು ಅಂಗೈಯನ್ನು ಮೂಸಿ ನೋಡುತ್ತಿದ್ದರು. ಮೊದಲು ಬಲಗೈ, ಆಮೇಲೆ ಎಡಗೈ. ಮತ್ತೆ ಬಲಗೈ. ಎದ್ದು ಬಚ್ಚಲಿನ ಕನ್ನಡಿಯ ತನಕ ಹೋದರು. ಅಲ್ಲಿಂದ ಅಡುಗೆಮನೆಯ ಬಾಗಿಲಿಗೆ ಬಂದರು. ಅಲ್ಲಿಂದ ಹಿತ್ತಲ ಬಾಗಿಲಿಗೆ. ಕಳೆದುಹೋದ ವಸ್ತು ಹುಡುಕುವವರ ಹಾಗೆ ನೆಲ ನೋಡುತ್ತ ಬೆಳಗ್ಗಿನ ದಾರಿಯನ್ನೇ ಮತ್ತೆ ನಡೆಯುತ್ತಿದ್ದರು.

"ಅಜ್ಜಾ, ಏನ್ ಮಾಡ್ತಿದೀಯ?"

"ಬಾ ಇಲ್ಲಿ. ನಾನು ಬೆಳಿಗ್ಗೆ ಶೆಡ್ಡಿಗೆ ಹೋಗಿದ್ದು ನೀನು ನೋಡಿದ್ಯಾ?"

ಗುಂಡುಸೂಜಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇಲ್ಲ. ನಾನು ನೋಡಿಲ್ಲ."

"ನೀನು ಮಲಗಿದ್ದೆ ಬಿಡು," ಅಂದರು ಅಜ್ಜ. "ನಾನು ಹೋಗಿರ್ತೀನಿ. ಕನ್ನಡಿ ಮುಂದೆ ಎಣ್ಣೆ ಹಚ್ಕೊಂಡೆ. ಅದು ನೆನಪಿದೆ. ಆಮೇಲೆ ಈ ಬಾಗಿಲು ತೆಗೆದೆ..." ಅವರು ಕಣ್ಣು ಮುಚ್ಚಿದರು. ಹಣೆಯ ಗೆರೆಗಳು ಗಂಟಾದವು. "ಹೂಂ. ಈಗ ನೆನಪಾಗ್ತಿದೆ ನೋಡು. ಹೋದೆ. ಟ್ಯಾಂಕಿನ ಬಲಗಡೆ ನಿಂತೆ. ಹೀಗೆ ಸವರಿದೆ, ಮೇಲಿಂದ ಕೆಳಕ್ಕೆ. ತಣ್ಣಗಿತ್ತು."

ಅವರ ಬಲಗೈ ಗಾಳಿಯಲ್ಲಿ ಬಾಗಿ ಇಳಿಯಿತು. ಥೇಟ್ ಅವಳ ಸ್ಪಾಂಜು ಇಳಿದ ಹಾಗೆಯೇ.

ಆಗದೇ ಇದ್ದದ್ದು ಅಜ್ಜನಿಗೆ ನೆನಪಾಗುತ್ತಿತ್ತು!

"ಇಲ್ಲ ಅಜ್ಜಾ!"

"ಇದ್ರೂ ಇರ್ಬಹುದು ಪುಟ್ಟಾ. ನನಗೀಗ ಏನೂ ಹೇಳೋಕಾಗಲ್ಲ. ನನ್ನ ತಲೇನ ನಾನೇ ನಂಬೋ ಹಾಗಿಲ್ಲ."

ಅದನ್ನು ಅವರು ಅಳುತ್ತ ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ. ಅವರು ನಕ್ಕರು. ಬೇರೆಯವರ ಮನೆಯಲ್ಲಿ ಏನನ್ನೋ ಒಡೆದು ಹಾಕಿದವರು ನಗುವ ಹಾಗೆ ನಕ್ಕರು.

ಲೋಟ ಕೆಳಗಿಟ್ಟು ಗುಂಡುಸೂಜಿ ಓಡಿದಳು. ಶೂ ಸ್ಟ್ಯಾಂಡಿನ ಹಿಂದೆ ಕೈ ಹಾಕಿ ಸ್ಪಾಂಜು ಎಳೆದು ತಂದು, ಮತ್ತೆ ಕುರ್ಚಿಯಲ್ಲಿ ಕೂತಿದ್ದ ಅಜ್ಜನ ಮಡಿಲಿಗೆ ಹಾಕಿದಳು.

"ಇದು, ಅಜ್ಜಾ! ಇದ್ರಲ್ಲಿ ನಾನು ಎಳೆದೆ. ನಿನ್ನೆ. ನೀನು ಚಹಾ ಕುಡೀತಿದ್ದೆ. ಹೊಳೆಯುತ್ತಾ ನೋಡೋಣ ಅಂತ ಒಂದೇ ಒಂದು ಸಲ. ಆಮೇಲೆ ಒರೆಸಿದೆ. ಅಮ್ಮ ಕೇಳ್ದಾಗ ಕೈಯಲ್ಲಿ ಮುಟ್ಟಿಲ್ಲ ಅಂದೆ..." ಉಳಿದ ಮಾತು ಬಿಕ್ಕಿನಲ್ಲಿ ಮುಳುಗಿಹೋಯಿತು.

ಅಜ್ಜ ಸ್ಪಾಂಜನ್ನು ತಿರುಗಿಸಿದರು. ಮೂಸಿದರು. ಹೆಬ್ಬೆರಳಿಂದ ಒತ್ತಿ, ಬೆರಳನ್ನು ಬೆರಳಿಗೆ ತಿಕ್ಕಿ ನೋಡಿದರು.

ಈಗ ಬೈಗುಳ ಬರುತ್ತದೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು.

"ಹಾಗಾದ್ರೆ," ಅಜ್ಜನ ಧ್ವನಿ ತೀರಾ ಸಣ್ಣಗೆ ಬಂತು, "ನಾನು ಮುಟ್ಟಿಲ್ವಾ?"

"ಇಲ್ಲ ಅಜ್ಜಾ."

"ನಿಜವಾಗ್ಲೂ?"

"ನಿಜವಾಗ್ಲೂ ನಾನೇ."

ಅಜ್ಜ ಎದ್ದೇಬಿಟ್ಟರು. ಮೊಣಕಾಲು ನೋವು ಅಂತ ಗೋಡೆ ಹಿಡಿದು ಏಳುವ ಅಜ್ಜ ಏನನ್ನೂ ಹಿಡಿಯದೆ ಎದ್ದರು. "ಲೇ ಮಗಳೇ!" ಎಂದು ಕೂಗುತ್ತ ಹಿತ್ತಲಿಗೆ ಹೊರಟರು. "ಲೇ, ನಾನು ಮುಟ್ಟಿಲ್ಲ ಕಣೇ!"

ಗುಂಡುಸೂಜಿಗೆ ಅವರ ಹಿಂದೆ ಹೋಗದೆ ದಾರಿಯಿರಲಿಲ್ಲ. ಶೆಡ್ಡು ಇಷ್ಟು ದೂರ ಇದೆ ಅಂತ ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಅಮ್ಮ ಎಲ್ಲವನ್ನೂ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಕೆಂಪಾಯಿತು.

"ಟ್ಯಾಂಕ್ ಹಾಳು ಮಾಡಿದ್ದು ಹೋಗ್ಲಿ. ಕೇಳ್ದಾಗ ಬಾಯಲ್ಲಿ ಏನಿತ್ತು, ಕಡುಬಾ? ಅಜ್ಜನ್ನ ನಾನು ಅಷ್ಟು ಅಂದೆ. ನಿಂತು ನೋಡಿದ್ಯಲ್ಲೇ!"

ಗುಂಡುಸೂಜಿ ತಲೆ ಎತ್ತಲಿಲ್ಲ. ಒದ್ದೆ ನೆಲದಲ್ಲಿ ಅವಳ ಕಾಲ್ಬೆರಳುಗಳು ಒಂದನ್ನೊಂದು ಹಿಡಿದುಕೊಂಡಿದ್ದವು.

"ಬೈಯೋದು ಆಮೇಲೆ ಬೈಯುವೆಯಂತೆ," ಅಜ್ಜ ನಡುವೆ ಬಂದರು. "ಮೊದಲು ನನಗೊಂದು ಡಬ್ಬಿ ಮುಚ್ಚಳ ಕೊಡು. ಪ್ರೈಮರ್ ಹೊಡೆದಿದ್ದು ಒಂದಿತ್ತಲ್ಲ, ಟ್ರಯಲ್ ನೋಡಿದ್ದು?"

"ಯಾಕೆ?"

"ಕೊಡೇ!"

ಎಷ್ಟೋ ದಿನದಿಂದ ಅಜ್ಜ ಹಾಗೆ ದನಿ ಏರಿಸಿರಲಿಲ್ಲ. ಅಮ್ಮ ಮುಚ್ಚಳ ತಂದುಕೊಟ್ಟಳು. ಅಜ್ಜ ತಮ್ಮ ತಲೆಯನ್ನು ಬೆರಳಿಂದ ಒರೆಸಿ ಮುಚ್ಚಳದ ಎಡಗಡೆ ಸವರಿದರು. ಬಲಗಡೆ ಸ್ಪಾಂಜು ಎಳೆದರು. ಆಮೇಲೆ ಥಿನ್ನರಿನ ಬಟ್ಟೆಯಲ್ಲಿ ಎಡಗಡೆ ಒರೆಸಿ, ಬೇರೆ ಬಟ್ಟೆ ತೆಗೆದುಕೊಂಡು ಬಲಗಡೆ ಒರೆಸಿದರು. ನೋಡಲು ಎರಡೂ ಒಂದೇ, ಬೂದು ಮಂಕು.

"ಈಗ ಹೊಡಿ."

ಅಮ್ಮ ಗನ್ನು ಎತ್ತಿದಳು. ಮೂರು ತಲೆಗಳು ಮುಚ್ಚಳದ ಮೇಲೆ ಬಾಗಿದವು. ಯಾರೂ ಈ ಸಲ ಉಸಿರು ಬಿಡಲು ಗೋಡೆಯ ಕಡೆ ತಿರುಗಲಿಲ್ಲ, ಬಿಟ್ಟರೆ ತಾನೇ!

ಸ್ಸ್...

ಎಡಗಡೆ ನೀಲಿ ನಯವಾಗಿ ಕೂತಿತು. ಬಲಗಡೆಯೂ ಕೂತಿತು. ಗುಂಡುಸೂಜಿ ಇನ್ನಷ್ಟು ಬಗ್ಗಿದಳು. ಒಂದೊಮ್ಮೆ ಎರಡೂ ಕಡೆ ಸರಿ ಬಂದರೆ? ಸ್ಪಾಂಜಿನಿಂದ ಅಲ್ಲ ಅಂತಾದರೆ? ಅಜ್ಜ ಮತ್ತೆ ಬಾಗಿಲಿಂದ ಬಾಗಿಲಿಗೆ ನಡೆಯಲು ಶುರು ಮಾಡಿದರೆ?

ಟಪ್. ಬಲಗಡೆ ಒಂದು ಕಣ್ಣು ತೆರೆಯಿತು. ಅದರ ಪಕ್ಕ ಇನ್ನೊಂದು. ಆಮೇಲೆ ಸಾಲಾಗಿ.

ಎಡಗಡೆ ಕನ್ನಡಿಯ ಹಾಗೇ ಇತ್ತು.

"ನೋಡಿದ್ಯಾ?" ಅಜ್ಜ ಬೆರಳು ತೋರಿಸಿದರು. ಬೆರಳು ನಡುಗುತ್ತಿತ್ತು, ಧ್ವನಿ ನಡುಗುತ್ತಿರಲಿಲ್ಲ. "ತಲೆ ಎಣ್ಣೆ ಥಿನ್ನರಿಗೆ ಹೋಗುತ್ತೆ. ಈ ಹೊಳಪಿಸೋ ದರಿದ್ರ ಹೋಗಲ್ಲ. ಒರೆಸಿದಷ್ಟೂ ಊರೆಲ್ಲ ಹಂಚಿದ ಹಾಗೆ. ಇದು ನನಗೆ ಗೊತ್ತಿತ್ತು ಕಣೇ. ನೀನು ಎಣ್ಣೆ ಅಂದಾಗ್ಲೇ ಗೊತ್ತಿತ್ತು. ಆದ್ರೆ..."

ಅವರು ತಮ್ಮ ಹಣೆಯನ್ನು ಬೆರಳಿಂದ ತಟ್ಟಿ ತೋರಿಸಿದರು.

ಅಮ್ಮ ಮುಚ್ಚಳವನ್ನು ನೋಡುತ್ತಲೇ ನಿಂತಳು. "ನೀವು ಯಾಕಪ್ಪ ಆಗ್ಲೇ ಹೇಳ್ಲಿಲ್ಲ?" ಎಂದು ಕೇಳಿದವಳು, ಉತ್ತರ ತನಗೇ ಹೊಳೆದ ಹಾಗೆ ತುಟಿ ಕಚ್ಚಿಕೊಂಡಳು. ಬೀಗದ ಕೈ ತೆಗೆದು ಅಜ್ಜನ ಜೇಬಿಗೆ ತಾನೇ ಹಾಕಿದಳು. ಜೇಬನ್ನು ಮೆಲ್ಲಗೆ ಒಮ್ಮೆ ತಟ್ಟಿದಳು.

ಗುಂಡುಸೂಜಿಯ ಕಡೆ ತಿರುಗಿದಾಗ ಮಾತ್ರ ಅವಳ ಧ್ವನಿ ಮೊದಲಿನಷ್ಟೇ ಗಟ್ಟಿ ಇತ್ತು. "ಪೇಂಟು ಗಟ್ಟಿಯಾಗ್ಲಿ. ಆಮೇಲೆ ಆ ಮಗ್ಗುಲನ್ನ ಪೂರ್ತಿ ವಾಟರ್ ಪೇಪರ್ ಹಾಕಿ ಉಜ್ಜೋದು ಯಾರು?"

"ನಾನು."

"ಯಾರೂ ಸಹಾಯ ಮಾಡಲ್ಲ."

"ಹೂಂ."

ಪೇಂಟು ಗಟ್ಟಿಯಾದ ಮೇಲೆ, ಒಂದು ಸಂಜೆ, ಟ್ಯಾಂಕನ್ನು ಕೆಳಗಿಳಿಸಿ ಹಳೇ ಟೈರಿನ ಮೇಲೆ ಕೂರಿಸಿದರು. ಅಮ್ಮ ಮೊದಲು ಅಂಗಡಿಯಿಂದ ತಂದ, ಆ ಜಿಡ್ಡನ್ನೇ ತೆಗೆಯುವ ಕ್ಲೀನರ್ ಹಾಕಿ, ಒಂದು ಸಲ ಒರೆಸಿದ ಬಟ್ಟೆಯನ್ನು ಬಿಸಾಡಿ, ಹೊಸ ಬಟ್ಟೆಯಲ್ಲಿ ಮತ್ತೆ ಒರೆಸಿದಳು. ಆಮೇಲೆ ಗುಂಡುಸೂಜಿ ವಾಟರ್ ಪೇಪರ್ ಅನ್ನುವ ಒರಟು ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಲು ಕೂತಳು. ನೀಲಿ ನೀರು ಮೊಣಕೈ ತನಕ ಇಳಿಯಿತು. ಬೆರಳ ತುದಿ ಸುಕ್ಕಾಯಿತು. ಮೀನುಗಣ್ಣುಗಳು ಸುಲಭಕ್ಕೆ ಹೋಗುವಂಥವಲ್ಲ. ಹೋಯಿತು ಅನ್ನಿಸುತ್ತದೆ, ನೀರು ಒರೆಸಿ ನೋಡಿದರೆ ಇನ್ನೂ ಪಿಳಿಪಿಳಿ ಅನ್ನುತ್ತಿರುತ್ತವೆ.

ಅಜ್ಜ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. ಸಹಾಯ ಮಾಡುವಂತಿಲ್ಲವಲ್ಲ, ಅದಕ್ಕೆ ಬಾಯಿಗೆ ಮಾತ್ರ ಕೆಲಸ. ಅಷ್ಟರಲ್ಲಿ ಕಾಂಪೌಂಡಿನ ಆಚೆ ಟೈಲರ್ ಆಂಟಿಯ ತಲೆ ಕಾಣಿಸಿತು.

"ಏನು, ಮತ್ತೆ ಮೊದಲಿಂದ್ಲಾ?"

"ಮೊದಲಿಂದ್ಲೇ!" ಅಜ್ಜ ಕೂಗಿದರು. "ಮುಟ್ಟಿದ್ದು ನಾನಲ್ಲಮ್ಮ, ಗೊತ್ತಾಯ್ತಾ?"

"ಆಗ್ಲೇ ಹೇಳಿದ್ರಲ್ಲ, ಬೆಳಿಗ್ಗೇನೂ ಹೇಳಿದ್ರಿ," ಎಂದು ನಗುತ್ತ ಆಂಟಿಯ ತಲೆ ಇಳಿಯಿತು.

ಅಜ್ಜನ ಮುಖದ ಮೇಲಿದ್ದ ಗೆಲುವು ಒಂದು ಕ್ಷಣ ಸಣ್ಣದಾಯಿತು. ಹೇಳಿದ್ದೆನಾ ಅನ್ನುವ ಹಾಗೆ ಅವರು ನೆಲ ನೋಡಿದರು. ಗುಂಡುಸೂಜಿ ಅದನ್ನು ಕಂಡಳು.

ಪೇಪರನ್ನು ಮತ್ತೆ ನೀರಿಗೆ ಅದ್ದಿ ಉಜ್ಜತೊಡಗಿದಳು.

"ಗುಂಡುಸೂಜೀ."

"ಏನಜ್ಜಾ?"

"ನಾನು ಮುಟ್ಟಿಲ್ಲ, ಅಲ್ವಾ?"

ಮೊನ್ನೆಯ ಗುಂಡುಸೂಜಿಯಾಗಿದ್ದರೆ 'ಎಷ್ಟು ಸಲ ಕೇಳ್ತೀಯ ಅಜ್ಜಾ!' ಎಂದು ಚುಚ್ಚಿಬಿಡುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದೂ ಬಂದಿತ್ತು. ಅವಳು ಅಜ್ಜನ ಕೈ ನೋಡಿದಳು. ಬಲಗೈಯನ್ನು ಅವರು ಎಡಗೈಯೊಳಗೆ ಮುಚ್ಚಿಕೊಂಡಿದ್ದರು, ಮತ್ತೆ ಎಲ್ಲಿಗಾದರೂ ಹೋಗಿಬಿಟ್ಟೀತು ಅನ್ನುವ ಹಾಗೆ.

ಪೇಪರು ಕೆಳಗಿಟ್ಟು, ಕೈ ಒರೆಸಿಕೊಂಡು, ಯಾರೋ ಮೊದಲ ಸಲ ಕೇಳಿದ ಪ್ರಶ್ನೆಗೆ ಹೇಳುವಷ್ಟು ನಿಧಾನವಾಗಿ ಅವಳು ಹೇಳಿದಳು.

"ಇಲ್ಲಜ್ಜಾ. ನೀನು ಮುಟ್ಟಿಲ್ಲ. ಮುಟ್ಟಿದ್ದು ನಾನು. ಸ್ಪಾಂಜಿನಲ್ಲಿ."

"ಹಾಂ," ಎಂದರು ಅಜ್ಜ. ಅವರ ಕೈ ಸಡಿಲವಾಯಿತು. ಕನ್ನಡಕ ಸರಿ ಮಾಡಿಕೊಂಡು ಟ್ಯಾಂಕಿನ ಮೇಲೆ ಬಗ್ಗಿದರು. "ಮತ್ತೆ ಆ ಅಂಚು ಯಾಕೆ ಬಿಟ್ಟಿದೀಯ? ಉಜ್ಜು, ಉಜ್ಜು. ಇನ್ನೂ ಒಂದು ಕಣ್ಣು ನಮ್ಮನ್ನೇ ನೋಡ್ತಿದೆ."